ಎಡಪುಟ ಸ್ವಾಮಿಗೆ, ಬಲಪುಟ ಪಂಚರಿಗೆ

"ಪೋರ್ಷನ್ ಮುಗಿಸೋದು ಯಾವಾಗ ಸರ್?" ಅಂತ ಮೂರು ವರ್ಷ ಕೇಳಿಸಿಕೊಂಡು ಮಾಡಿದ ಕೆಲಸ ಇದು: ಒಂದು ಕತೆಯನ್ನು ಕಂತು ಕಂತಾಗಿ ಓದಿಸಿ, ಕತೆಯ ಹುಡುಗ ಎಡವಿದ್ದನ್ನೂ ಮಕ್ಕಳು ತಾವೇ ಎಡವಿದ್ದನ್ನೂ ಅಕ್ಕಪಕ್ಕದ ಪುಟದಲ್ಲಿ ಬರೆಸುವುದು. ಹಾಗೆ ಕೇಳಿದವರೇ ಈಗ ನಮ್ಮ ಕಂತಿನ ಹಾಳೆಗಳ ಜೆರಾಕ್ಸ್ ಕೇಳುತ್ತಿದ್ದಾರೆ. ಹಾಗಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ. ಎಂಟು, ಒಂಬತ್ತನೇ ತರಗತಿಗೆ ಕನ್ನಡ ಪಾಠ ಮಾಡುವವರಿಗೆ ಪಾಠಯೋಜನೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಇದೆಲ್ಲ ವಿವರಿಸಬೇಕಿಲ್ಲ.

ತಲೆಗೊಂದು ನೂರು ಪುಟದ ಉದ್ದ ನೋಟ್‌ಬುಕ್ಕು. ಬಿಡಿಸಿಟ್ಟರೆ ಎಡಪುಟ ಕತೆಯ ಹುಡುಗನದು, ಬಲಪುಟ ಬರೆಯುವವನದು. ಎರಡೂ ಕಡೆ ಅವೇ ಮೂರು ಪ್ರಶ್ನೆ: ಏನಾಗುತ್ತೆ ಅಂದುಕೊಂಡಿದ್ದ, ಏನಾಯ್ತು, ಮಾರನೇ ದಿನ ಏನು ಮಾಡಿದ. "ಇದರಿಂದ ಏನು ಕಲಿತ" ಅಂತ ಕೇಳುವ ಹಾಗೇ ಇಲ್ಲ. ಮೊದಲ ವರ್ಷ ಕೇಳಿದ್ದೆವು. ಇಪ್ಪತ್ತೈದು ನೋಟ್‌ಬುಕ್ಕಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತರಲ್ಲಿ "ತಾಳಿದವನು ಬಾಳಿಯಾನು" ಅಂತ ಬಂತು. ಗಾದೆ ಕಾರಿಡಾರಿನ ಗೋಡೆ ಮೇಲಿತ್ತು, ಮಕ್ಕಳು ಅದನ್ನೇ ಇಳಿಸಿಕೊಂಡಿದ್ದರು.

ಎಡಪುಟಕ್ಕೆ ಹಿಡಿದದ್ದು ಆರ್.ಕೆ. ನಾರಾಯಣ್ ಅವರ ಸ್ವಾಮಿನಾಥನನ್ನು, 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಪುಸ್ತಕ. ಆ ಹುಡುಗ ಎಲ್ಲೂ ಹೀರೋ ಆಗುವುದಿಲ್ಲ, ಅದಕ್ಕೇ ಬೇಕಿತ್ತು. ಕ್ರಿಕೆಟ್ ಅಭ್ಯಾಸಕ್ಕೆ ಅಂತ ಡ್ರಿಲ್ ತಪ್ಪಿಸುತ್ತಾನೆ. ಡ್ರಿಲ್ಲಿನಿಂದ ಬಿಡಿಸಲಿಕ್ಕೆ ಹೆಡ್‌ಮಾಸ್ಟರಿಗೆ ಹೇಳ್ತೀನಿ ಅಂದಿದ್ದ ಡಾಕ್ಟರು ಹೇಳಿರುವುದೇ ಇಲ್ಲ. ಬೋರ್ಡ್ ಹೈಸ್ಕೂಲಿನಲ್ಲಿ ಬೆತ್ತ ಮೇಲೇಳುತ್ತದೆ, ಇವನು ಅದನ್ನು ಕಿತ್ತು ಕಿಟಕಿಯಾಚೆ ಎಸೆದು ಓಡುತ್ತಾನೆ. ನಮ್ಮ ಮೊದಲ ಕಂತು ಅಲ್ಲಿಗೆ ನಿಲ್ಲುತ್ತದೆ. ಸರಿಯಾಗಿ ಯಾವ ಸಾಲಿಗೆ ನಿಲ್ಲಿಸುತ್ತೇವೆ ಅನ್ನುವುದು ನಮ್ಮಲ್ಲೇ ಇರಲಿ. ಎರಡು ಸಾಲು ಹಿಂದೆಮುಂದೆ ಮಾಡಿ ನೀವೇ ನೋಡಿ, ಮಕ್ಕಳ ಉತ್ತರ ಹೇಗೆ ಬದಲಾಗುತ್ತೆ ಅಂತ.

ಅಲ್ಲಿ ನಿಲ್ಲಿಸಿ "ಮುಂದೆ ಏನು ಮಾಡುತ್ತಾನೆ?" ಅಂದರೆ ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು "ಕ್ಷಮೆ ಕೇಳುತ್ತಾನೆ" ಅಂತಲೇ ಬರೆದರು. ಅದು ಮೇಷ್ಟ್ರಿಗೆ ಬೇಕಾದ ಉತ್ತರ. ಪ್ರಶ್ನೆ ತಿರುಗಿಸಿದೆವು: ರಾತ್ರಿ ಎಂಟು ಗಂಟೆಗೆ ಇವನು ಎಲ್ಲಿದ್ದಾನೆ, ಹೊಟ್ಟೆಗೆ ಏನು ತಿಂದಿದ್ದಾನೆ, ಜೇಬಿನಲ್ಲಿ ಎಷ್ಟಿದೆ? ತಕ್ಷಣ ಬಸ್‌ಸ್ಟ್ಯಾಂಡು, ಅಜ್ಜಿ ಮನೆ, ದೇವಸ್ಥಾನದ ಪ್ರಸಾದ ಎಲ್ಲ ಬಂದವು. ಒಬ್ಬಳು "ಹುಡುಗಿಯಾಗಿದ್ದರೆ ಎಂಟು ಗಂಟೆಗೆ ಎಲ್ಲೂ ಇರಲಿಕ್ಕಾಗಲ್ಲ" ಅಂತ ಒಂದೇ ಸಾಲು ಬರೆದಿದ್ದಳು. ಮಾರನೇ ವರ್ಷದಿಂದ ಅದೂ ಒಂದು ಪ್ರಶ್ನೆಯಾಯಿತು.

ಒಟ್ಟು ಮೂರು ಕಂತು. ಬೇಕಾದ ಭಾಗಗಳನ್ನು ಕನ್ನಡಕ್ಕೆ ನಾವೇ ಮಾಡಿಕೊಂಡದ್ದು, ನುಡಿ ತಂತ್ರಾಂಶದಲ್ಲಿ 14 ಪಾಯಿಂಟು. ಎ4 ಹಾಳೆ ಮಡಚಿದರೆ ನಾಲ್ಕು ಹಾಳೆಗೆ ಹದಿನಾರು ಪುಟ, ನಡುವೆ ಎರಡು ಪಿನ್ನು. ಹೊರಗಿನ ಹಾಳೆಯ ಒಂದು ಮಗ್ಗುಲಿಗೆ 16 ಮತ್ತು 1, ಹಿಂದುಗಡೆ 2 ಮತ್ತು 15 ಬರಬೇಕು. ಒಮ್ಮೆ ಜೆರಾಕ್ಸ್ ಅಂಗಡಿಯಲ್ಲಿ ಮಗ್ಗುಲು ತಪ್ಪಿತು, ಇಡೀ ಕಟ್ಟು ರದ್ದಿಗೆ. ಯೂನಿಕೋಡಿಗೆ ಬದಲಾಯಿಸಿ ಹೊಡೆಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಪಿಡಿಎಫ್ ಮಾಡಿಯೇ ಒಯ್ಯಿರಿ. ಮುಂದಿನ ಕಂತು ಬೀರುವಿನಲ್ಲಿ, ಬೀಗದ ಕೈ ನಿಮ್ಮ ಹತ್ತಿರ. ಲೈಬ್ರರಿಯ ಮೂಲ ಪ್ರತಿಯನ್ನೂ ಒಳಗಿಡಿ, ಇಲ್ಲದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೊನೆ ಪುಟ ಇಡೀ ತರಗತಿಗೆ ಗೊತ್ತಿರುತ್ತದೆ.

ಬಲಪುಟ ಕೂರಿಸಲಿಕ್ಕೇ ಎರಡು ವರ್ಷ ಹೋಯಿತು. ಮೊದಲು ಗಿಡ ನೆಡಿಸಿದೆವು. ದಸರಾ ರಜೆಯಲ್ಲಿ ಮುಕ್ಕಾಲು ಪಾಲು ಒಣಗಿದವು, ಯಾರ ತಪ್ಪಿಂದ ಅಂತ ಯಾರಿಗೂ ಹೇಳಲಾಗಲಿಲ್ಲ. ಆಮೇಲೆ ಮಕ್ಕಳ ಸಂತೆ. ಅಪ್ಪ ಅಮ್ಮ ಬಂದು ಕೊತ್ತಂಬರಿ ಕಟ್ಟನ್ನೆಲ್ಲ ಕೊಂಡುಕೊಂಡು ಹೋದರು, ಒಬ್ಬರಿಗೂ ನಷ್ಟ ಆಗಲಿಲ್ಲ. ನಷ್ಟವೇ ಆಗದಿದ್ದರೆ "ಏನಾಯ್ತು" ಅನ್ನುವ ಕಾಲಂ ಖಾಲಿ. ಬೇಕಾದದ್ದು ಬೇಗ ಕೆಡುವ ಕೆಲಸ, ಯಾಕೆ ಕೆಟ್ಟಿತು ಅಂತ ಕೈಗೆ ಸಿಗುವಂಥದ್ದು, ಬೈಯಲಿಕ್ಕೆ ಮೇಷ್ಟ್ರು ಬೇಕಾಗದಂಥದ್ದು.

ಸೈಕಲ್ ಸಿಕ್ಕಿತು. 2006-07ರಿಂದ ಸರ್ಕಾರ ಎಂಟನೇ ತರಗತಿಗೆ ಕೊಟ್ಟ ಸೈಕಲ್ಲುಗಳು ಅಣ್ಣ ಅಕ್ಕ ಓಡಿಸಿ ಮುಗಿಸಿ ಕೊಟ್ಟಿಗೆಗಳಲ್ಲಿ ಬಿದ್ದಿದ್ದವು, ಆರು ತರಿಸಿದೆವು. ಮೂರು ಮಕ್ಕಳಿಗೆ ಒಂದು, ಕೆಲಸ ಬರೀ ಪಂಚರ್. ಟ್ಯೂಬಿಗೆ ಗಾಳಿ ಹಾಕಿ ಬಾಂಡ್ಲಿ ನೀರಿನಲ್ಲಿ ಅದ್ದಿ ಗುಳ್ಳೆ ನೋಡುವುದು, ಒರೆಸಿ ಗುರುತು ಮಾಡುವುದು, ಉಪ್ಪುಕಾಗದದಲ್ಲಿ ಹೊಳಪು ಹೋಗುವವರೆಗೆ ಉಜ್ಜುವುದು, ಸಲ್ಯೂಷನ್ನು ತೆಳ್ಳಗೆ ಸವರಿ ಐದು ನಿಮಿಷ ಸುಮ್ಮನಿರುವುದು. ಆ ಐದು ನಿಮಿಷ ಯಾರಿಂದಲೂ ಆಗುವುದಿಲ್ಲ. ಹಸಿ ಇರುವಾಗಲೇ ಪ್ಯಾಚ್ ಒತ್ತುತ್ತಾರೆ, ಗಾಳಿ ತುಂಬಿದರೆ ಅಂಚು ಏಳುತ್ತದೆ. ಎರಡನೆಯ ತಪ್ಪು ಇನ್ನೂ ಚೆನ್ನ: ಪ್ಯಾಚ್ ಗಟ್ಟಿ ಕೂತಿದೆ, ಶನಿವಾರ ಸಂಜೆ ಮೆರೆದು ಮನೆಗೂ ಹೋಗಿದ್ದಾರೆ, ಸೋಮವಾರ ಬೆಳಿಗ್ಗೆ ಚಕ್ರ ಮತ್ತೆ ಚಪ್ಪಟೆ. ಜಾಲಿಮುಳ್ಳು ಟೈರಿನೊಳಗೇ ಉಳಿದಿರುತ್ತದೆ. ಟೈರಿನ ಒಳಮೈಗೆ ಹಳೇ ಬನಿಯನ್ ತುಂಡು ಆಡಿಸಿದರೆ ನೂಲು ಸಿಕ್ಕಿಕೊಂಡು ಮುಳ್ಳು ಎಲ್ಲಿದೆ ಅಂತ ಗೊತ್ತಾಗುತ್ತದೆ. ಇದನ್ನು ಮೊದಲೇ ಹೇಳಿಕೊಡಬೇಡಿ. ಬಾಯಿ ಕಟ್ಟಿಕೊಂಡು ಕೂರುವುದೇ ಮೇಷ್ಟ್ರಿಗೆ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

ಸೋಮವಾರವೇ ಬಲಪುಟ ಬರೆಸಬೇಕು. ಬುಧವಾರಕ್ಕೆ ಬಿಟ್ಟರೆ "ಪಂಪು ಸರಿ ಇರಲಿಲ್ಲ" ಅಂತ ಕತೆ ಕಟ್ಟಿರುತ್ತಾರೆ. ಸೋಮವಾರ ಬರೆದದ್ದು "ನಾನು ಕಾಯಲಿಲ್ಲ" ಅಂತಿರುತ್ತದೆ. ಎರಡನೇ ಕಂತು ಕೊಡುವುದು ಆಮೇಲೆಯೇ: ಸ್ವಾಮಿ ಮೆಂಪಿ ರಸ್ತೆಯಲ್ಲಿ ದಾರಿ ತಪ್ಪಿ, ಯಾರೋ ಕಂಡು ಉಳಿಸಿ, ವಾಪಸ್ ಬರುವ ಹೊತ್ತಿಗೆ ಗೆಳೆಯ ರಾಜಂನ ಟೀಮಿನ ಕ್ರಿಕೆಟ್ ಮ್ಯಾಚೇ ಮುಗಿದಿರುತ್ತದೆ. ಮೊದಲ ಕಂತಿಗೆ "ಕ್ಷಮೆ ಕೇಳುತ್ತಾನೆ" ಅಂದವರು ಎರಡನೆಯದಕ್ಕೆ "ರಾಜಂ ಮಾತಾಡಿಸಲ್ಲ" ಅಂತ ಬರೆಯುತ್ತಾರೆ. ನಾವೇನೂ ಹೇಳಿಕೊಟ್ಟಿರುವುದಿಲ್ಲ. ಇಷ್ಟು ಸೀದಾ ಕೆಲಸ ಮಾಡುವ ಇನ್ನೊಂದು ಉಪಾಯ ನಮ್ಮ ಸುತ್ತಮುತ್ತ ಯಾರ ಹತ್ತಿರವೂ ಕಂಡಿಲ್ಲ, ಬೇಕಿದ್ದರೆ ಜಂಬ ಅಂದುಕೊಳ್ಳಿ.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಜೆರಾಕ್ಸಿಗೆ ವರ್ಷಕ್ಕೆ 700-800, ನೋಟ್‌ಬುಕ್ಕಿಗೆ 600ರ ಆಸುಪಾಸು. ಪಂಪು, ಟೈರ್ ಲಿವರು, ಸಲ್ಯೂಷನ್ನು, ಪ್ಯಾಚು ಸೇರಿ ಮೊದಲ ವರ್ಷ 900, ಆಮೇಲೆ 200ರೊಳಗೆ. ಅಗ್ಗದ ಪಂಪು ತಂದು ತಿಂಗಳಲ್ಲಿ ವಾಷರ್ ಹೋಗಿ ಇನ್ನೊಂದು ತರಬೇಕಾಯಿತು, ಅದು ದಂಡ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಮೂರನೇ ವರ್ಷ ಒಂದಿಷ್ಟು ಕೊಟ್ಟರು, ಅದಕ್ಕೆ ಮುಂಚಿನದೆಲ್ಲ ಕೈಯಿಂದಲೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಆಗುಂಬೆಯಲ್ಲಿ ಚಿತ್ರೀಕರಿಸಿದ ಶಂಕರ್‌ನಾಗ್ ಅವರ ಮಾಲ್ಗುಡಿ ಧಾರಾವಾಹಿಯನ್ನು ಮೊದಲೇ ತೋರಿಸಿದ ವರ್ಷ ಎಲ್ಲರ ಎಡಪುಟದಲ್ಲೂ ಸ್ವಾಮಿ ಪಾತ್ರದ ಮಾಸ್ಟರ್ ಮಂಜುನಾಥನೇ ಕೂತ. ಈಗ ಮೂರೂ ಕಂತು ಮುಗಿದ ಮೇಲೆ ತೋರಿಸುತ್ತೇವೆ. ತೇಜಸ್ವಿಯವರ 'ಕರ್ವಾಲೊ'ದ ಮಂದಣ್ಣನನ್ನು ತಂದರೆ ಮೂರು ಪ್ರಶ್ನೆ ಹೊಂದಲಿಲ್ಲ. ಊರಿಗೆ ಅವನು ಕೆಲಸಕ್ಕೆ ಬಾರದವನು, ವಿಜ್ಞಾನಿಯ ಕಣ್ಣಿಗೆ ಅಪರೂಪದವನು. ಅವನಿಗೆ "ಇವನಲ್ಲಿ ಏನೋ ಇದೆ ಅಂತ ಮೊದಲು ಕಂಡವರು ಯಾರು" ಅನ್ನುವ ಒಂದೇ ಪ್ರಶ್ನೆ ಸಾಕು. ಹಿಂದಿನ ಬೆಂಚಿನವರು ಅದಕ್ಕೆ ಬಲಪುಟದಲ್ಲಿ ಬರೆದಷ್ಟು ಸ್ವಾಮಿಗೆ ಬರೆದಿಲ್ಲ.

ನಿಜಜೀವನದ್ದೂ ಒಂದಿರಲಿ ಅಂತ ಸಿದ್ಧಲಿಂಗಯ್ಯನವರ 'ಊರುಕೇರಿ' ತೆಗೆದುಕೊಂಡೆವು. ಇಬ್ಬರು ಆಳುಗಳ ಹೆಗಲಿಗೆ ನೊಗ ಹೂಡಿರುವುದನ್ನು ಒಬ್ಬ ಹುಡುಗ ನೋಡುತ್ತಾನೆ, ಅದರಲ್ಲೊಬ್ಬ ಅವನಪ್ಪ. ಇದಕ್ಕೆ ಬಲಪುಟ ಕಡ್ಡಾಯ ಮಾಡಬಾರದು, ಗಟ್ಟಿಯಾಗಿ ಓದಿಸಲಂತೂ ಬಾರದು. ಓದಿಸಿದರೆ ಇಡೀ ತರಗತಿ ತಿರುಗಿ ಒಬ್ಬಿಬ್ಬರ ಮುಖ ನೋಡುತ್ತದೆ. ಆ ತಪ್ಪು ನಮ್ಮಿಂದ ಒಮ್ಮೆ ಆಗಿದೆ. ಈಗ ಹಾಳೆ ಕೊಡುತ್ತೇವೆ, ಮನೆಗೆ ಒಯ್ಯುತ್ತಾರೆ, ಅಷ್ಟೇ.

ಗುಂಪು ಹದಿನಾಲ್ಕು ದಾಟಬಾರದು. ಜಾಸ್ತಿಯಿದ್ದರೆ ಎರಡು ಸರತಿ ಮಾಡಿ, ಶನಿವಾರದ ಕೊನೇ ಪೀರಿಯಡ್ಡು ಒಳ್ಳೆಯದು. ಒಂದು ಸೈಕಲ್ಲಿಗೆ ಮೂವರನ್ನು ಹೇಗೆ ಜೋಡಿಸುವುದು ಅನ್ನುವುದು ನಮ್ಮ ಎರಡನೇ ಗುಟ್ಟು. ಇಷ್ಟು ಹೇಳಬಲ್ಲೆ, ಸ್ನೇಹಿತರನ್ನು ಒಟ್ಟಿಗೆ ಹಾಕಬೇಡಿ.

ಕೊನೆ ಕಂತು ರೈಲ್ವೆ ಸ್ಟೇಷನ್ನಿನದು. ಸ್ವಾಮಿ ತಂದ ಪುಸ್ತಕ ಊರು ಬಿಟ್ಟು ಹೊರಟ ರಾಜಂನ ಕೈ ಸೇರುತ್ತದೆ, ರೈಲು ಹೊರಡುತ್ತದೆ, ರಾಜಂ ಕಾಗದ ಬರೆಯುತ್ತಾನೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಆ ದಿನ ಪ್ರಶ್ನೆ ಹಾಕಬೇಡಿ. ಎಡಪುಟ, ಬಲಪುಟ ಎರಡೂ ಖಾಲಿ ಬಿಡಿಸಿ, ಮುಂದಿನ ಶನಿವಾರ ನೋಟ್‌ಬುಕ್ಕು ಎಣಿಸಿ ತೆಗೆದುಕೊಳ್ಳಿ. ಎರಡೋ ಮೂರೋ ವಾಪಸ್ ಬಂದಿರುವುದಿಲ್ಲ. ಕೇಳಲಿಕ್ಕೆ ಹೋಗಬೇಡಿ.