ಪುಣೆ ಚಳಿಗೆ ಸ್ಲೋ ಕುಕ್ಕರ್ ಮೊಸರು

ಡಿಸೆಂಬರ್ ಬಂದರೆ ಪುಣೆಯಲ್ಲಿ ಮೊಸರು ಸರಿಯಾಗಿ ಹೆಪ್ಪಾಗುವುದಿಲ್ಲ, ಅಲ್ವಾ? ಮನೆಯಲ್ಲಿ ಸ್ಲೋ ಕುಕ್ಕರ್ (ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಬೇಯಿಸುವ ಕರೆಂಟ್ ಕುಕ್ಕರ್) ಇದ್ದರೆ ಹೀಗೆ ಮಾಡಿ. 2 ಲೀಟರ್ ಎಮ್ಮೆ ಹಾಲನ್ನು ಗ್ಯಾಸ್ ಮೇಲೆಯೇ ಉಕ್ಕಿಸಿ. ಕುಕ್ಕರಿನಲ್ಲಿ ಕಾಯಿಸಿದರೆ ಸುಮ್ನೆ ಗಂಟೆಗಟ್ಟಲೆ ಕಾಯಬೇಕು. ಹಾಲು ಸುಮಾರು 45 ಡಿಗ್ರಿಗೆ ಇಳಿಯಲಿ. ಅಂದ್ರೆ ಬೆರಳಿಗೆ ಬಿಸಿ ಗೊತ್ತಾಗಬೇಕು, ಸುಡಬಾರದು. ಅಷ್ಟರಲ್ಲಿ ಕುಕ್ಕರನ್ನು ‘ಲೋ’ ಸೆಟ್ಟಿಂಗಿನಲ್ಲಿ ಹತ್ತು ನಿಮಿಷ ಇಟ್ಟು ಆಫ್ ಮಾಡಿ. ಪಾತ್ರೆ ಬೆಚ್ಚಗಿದ್ದರೆ ಸಾಕು. ಎರಡು ಚಮಚ ಹೆಪ್ಪನ್ನು ಒಂದು ಲೋಟ ಹಾಲಲ್ಲಿ ಗಂಟಿಲ್ಲದಂತೆ ಕದಡಿ, ಉಳಿದ ಹಾಲಿನ ಜೊತೆ ಪಾತ್ರೆಗೆ ಹಾಕಿ. ಮುಚ್ಚಳ ಮುಚ್ಚಿ, ದಪ್ಪ ಟವೆಲ್ ಸುತ್ತಿ ರಾತ್ರಿಯಿಡೀ ಬಿಡಿ. ವಾರ್ಮ್ ಬಟನ್ ಮಾತ್ರ ಒತ್ತಬೇಡಿ! ಬಿಸಿ ಜಾಸ್ತಿಯಾಗಿ ಹೆಪ್ಪೇ ಸಾಯುತ್ತದೆ. ಬೆಳಿಗ್ಗೆ ಅಲುಗಾಡಿಸದೆ ಫ್ರಿಜ್ಜಿಗಿಡಿ.