ರಾತ್ರಿ ಎಂಟೂವರೆಯ ಪೋಸ್ಟ್

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಇನ್‌ಸ್ಟಾಗ್ರಾಂ ಪುಟ ನನ್ನ ಪಾಲಿನ ಕೆಲಸ. ಊರಿನವರು ನೋಡುತ್ತಿದ್ದರು, ನ್ಯೂಜೆರ್ಸಿಯ ಕನ್ನಡದವರಿಂದ ಮಾತ್ರ ಸದ್ದೇ ಇಲ್ಲ. ನಾನು ಪೋಸ್ಟ್ ಹಾಕುತ್ತಿದ್ದ ನಮ್ಮ ಬೆಳಿಗ್ಗೆ ಹತ್ತು ಅವರಿಗೆ ನಡುರಾತ್ರಿ, ಅಲ್ವಾ!

ಪ್ರೊಫೆಷನಲ್ ಖಾತೆಗೆ ಬದಲಿಸಿದೆ. ಆಗ ಫಾಲೋವರ್‌ಗಳು ಯಾವ ಊರಿನವರು, ಯಾವ ಹೊತ್ತಿನಲ್ಲಿ ಆ್ಯಪ್ ತೆರೆಯುತ್ತಾರೆ ಅನ್ನೋದು ಇನ್‌ಸೈಟ್ಸ್‌ನಲ್ಲಿ ಕಾಣುತ್ತದೆ. ಅದನ್ನು ನೋಡಿ ರಾತ್ರಿ 8:30 ಗೊತ್ತುಮಾಡಿದೆ. ಇಲ್ಲಿ ಊಟ ಮುಗಿಸಿ ಮೊಬೈಲ್ ಹಿಡಿಯೋ ಸಮಯ. ದುಬೈನಲ್ಲಿ ಸಂಜೆ 7. ಚಳಿಗಾಲದಲ್ಲಿ ಲಂಡನ್ನಿಗೆ ಮಧ್ಯಾಹ್ನ 3, ನ್ಯೂಜೆರ್ಸಿಗೆ ಬೆಳಿಗ್ಗೆ 10.

ಸಿಡ್ನಿ ಸಿಗೋದಿಲ್ಲ, ಅಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಅವರಿಗೆಂದು ಮಧ್ಯಾಹ್ನ ಒಂದು ಸ್ಟೋರಿ ಹಾಕುತ್ತೇನೆ. ಅದು 24 ಗಂಟೆ ಇರುತ್ತಲ್ಲ.

ನಿಜವಾದ ಕಿರಿಕಿರಿ ಮಾರ್ಚ್‌ನಲ್ಲಿ. ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಲಂಡನ್ನಿನವರು ಕೊನೆಯ ಭಾನುವಾರ. ನಮ್ಮ 8:30 ನ್ಯೂಜೆರ್ಸಿಗೆ 11 ಆಗುತ್ತದೆ. ಹಾಗಾಗಿ ಅಲ್ಲಿಯವರಿಗೆ ಅಂತಲೇ ಮಾಡಿದ ಪೋಸ್ಟನ್ನು, ಅವರ ಗಡಿಯಾರ ಮುಂದಿರುವ ತಿಂಗಳುಗಳಲ್ಲಿ, 7:30ಕ್ಕೇ ಶೆಡ್ಯೂಲ್ ಮಾಡಿಡುತ್ತೇನೆ. ದುಬೈಗೆ ಈ ತಲೆನೋವೇ ಇಲ್ಲ.

ಈಗ ನ್ಯೂಜೆರ್ಸಿಯಿಂದ ಮೆಸೇಜ್ ಬರುತ್ತದೆ: "ಜಯನಗರದಲ್ಲಿ ಅಮ್ಮನ ಮನೆಗೆ ಎರಡು ಕೆಜಿ ಹುಳಿಪುಡಿ ಕೊಟ್ಟಿರಿ, ಬಂದಾಗ ತಗೊಂಡು ಹೋಗ್ತೀವಿ."