ಐದನೇ ಗೇರಿನಲ್ಲಿ ಸಿಕ್ಕಿಬಿದ್ದ ಗುಂಯ್ ಸದ್ದು

60 ಕಿ.ಮೀ. ವೇಗ ಮುಟ್ಟಿದರೆ ಸಾಕು, ಸೀಟಿನ ಅಡಿಯಿಂದ ‘ಗುಂಯ್’ ಅಂತ ಶುರು. 75 ದಾಟಿದರೆ ಮಾಯ. ಗಾಡಿ ಹಳೆಯ ಡೀಸೆಲ್ ಪಿಕಪ್: ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್, ಹಿಂದೆ ಲೀಫ್ ಸ್ಪ್ರಿಂಗ್, ಎಂಜಿನ್ನಿನ ತಿರುಗು ಹಿಂದಕ್ಕೆ ಒಯ್ಯುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್. ನೋಡಿದ ಮೂವರು ಮೆಕ್ಯಾನಿಕ್‌ಗಳೂ ‘ಕ್ರೌನ್ ಪಿನಿಯನ್ ಹೋಗಿದೆ ಸಾರ್’ ಅಂದರು. ಶಾಫ್ಟಿನ ತಿರುಗನ್ನು ಹಿಂದಿನ ಆಕ್ಸಲ್‌ಗೆ ದಾಟಿಸುವ ಹಲ್ಲಿನ ಜೋಡಿ ಅದು: ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ಖರ್ಚು 38 ಸಾವಿರದ ಹತ್ತಿರ. ಅದರ ಹೌಸಿಂಗ್ ಬಿಚ್ಚದೆ ಎರಡೂವರೆ ಸಾವಿರದೊಳಗೆ ಮುಗಿಸಿದೆ. ಅದಕ್ಕೆ ಮುಂಚೆ ಸುಮಾರು ಒಂಬತ್ತು ಸಾವಿರ ಚರಂಡಿಗೆ ಹೋಯಿತು, ಅದೂ ನಿಜ.

ಕಾಸಿಲ್ಲದ ಪರೀಕ್ಷೆಗಳು ಮೊದಲು. ರಿಂಗ್ ರೋಡಿನಲ್ಲಿ ಡಾಂಬರಿನಿಂದ ವೈಟ್ ಟಾಪಿಂಗ್ ಕಾಂಕ್ರೀಟಿಗೆ ದಾಟುವಾಗ ಟೈರಿನ ಸದ್ದಾದರೆ ರಾಗ ಬದಲಾಗಬೇಕು, ಆಗಲಿಲ್ಲ. ಗಾಳಿ 30ರಿಂದ 40ಕ್ಕೆ ಏರಿಸಿದರೂ ಅದೇ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೆ, ಬಲಕ್ಕೆ ವಾಲಿಸಿದರೂ ಏರಿಳಿತವಿಲ್ಲ, ಹಾಗಾಗಿ ವೀಲ್ ಬೇರಿಂಗ್ ಅಲ್ಲ. ಮುಂದಿನ ಶಾಫ್ಟಿಗೆ ಪೇಂಟ್ ಗುರುತು ಹಾಕಿ ಬಿಚ್ಚಿಟ್ಟು ಟೂ ವೀಲಿನಲ್ಲಿ ಓಡಿಸಿದೆ, ಸದ್ದು ಹಾಗೇ ಇತ್ತು. (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್ ಕಡೆ ಬೋಲ್ಟಿನ ಫ್ಲ್ಯಾಂಜ್ ಇದ್ದರೆ ಮಾತ್ರ ಇದು. ಒಳಗೆ ಜಾರಿ ಕೂರುವ ಸ್ಲಿಪ್ ಯೋಕ್ ಇದ್ದರೆ ಆಯಿಲ್ ರಸ್ತೆ ಪಾಲು.) ಸದ್ದು ಹುಡುಕಲು ಒಣ ಡಾಂಬರಿನ ಮೇಲೆ 4ಎಚ್ (ಫೋರ್ ವೀಲ್) ಹಾಕುವವರೂ ಇದ್ದಾರೆ. ಅಲ್ಲಿ ಹಲ್ಲು ಬಿಗಿದು ಇಲ್ಲದ ಸದ್ದೆಲ್ಲ ಹುಟ್ಟುತ್ತದೆ, ಬೇಡ.

ಆಮೇಲೆ ಫೋನು. ಸದ್ದಿನ ಗೆರೆ ತೋರಿಸುವ ಯಾವ ಆ್ಯಪ್ ಆದರೂ ನಡೆಯುತ್ತದೆ. ವೇಗ ಮಾತ್ರ ಮೀಟರಿನದಲ್ಲ, ಜಿಪಿಎಸ್‌ನದು ಬೇಕು. 245/70 ಆರ್16 ಟೈರು ಒಂದು ಸುತ್ತಿಗೆ ಹತ್ತಿರಹತ್ತಿರ 2.3 ಮೀಟರ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 7 ಚಿಲ್ಲರೆ ಸುತ್ತು. ನನ್ನ ಕ್ರೌನ್ 4.1ರದು, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.1 ಸುತ್ತು, ಹಾಗಾಗಿ ಶಾಫ್ಟ್ ಸೆಕೆಂಡಿಗೆ 30 ಸುತ್ತು. ಕ್ರೌನಿನ 41 ಹಲ್ಲಿನ ಸದ್ದು 300 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 300 ಸಲ) ಬರಬೇಕು. ಅಲ್ಲಿ ಏನೂ ಇಲ್ಲ. ಎತ್ತರದ ಗೆರೆ ನಿಂತಿದ್ದು 60 ಹರ್ಟ್ಜ್‌ನಲ್ಲಿ.

ಇಲ್ಲೇ ನಾನು ಎಡವಿದ್ದು. ನಾಲ್ಕು ಸಿಲಿಂಡರಿನ ಎಂಜಿನ್ 1,800 ಆರ್‌ಪಿಎಂನಲ್ಲಿ ಸೆಕೆಂಡಿಗೆ 60 ಸಲ ಫೈರ್ ಆಗುತ್ತದೆ. ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಸದ್ದೂ ಹೋಗುತ್ತಿತ್ತು. ಎಂಜಿನ್ ಮೌಂಟೇ ಎಂದುಕೊಂಡು ಜೆ.ಸಿ. ರಸ್ತೆಯಿಂದ ಸೆಟ್ ತಂದು ಹಾಕಿಸಿದೆ, 6,400 ಗೋತಾ. ತಪ್ಪು ಏನೆಂದರೆ ನಾನು ಅಳೆದದ್ದೆಲ್ಲ ನಾಲ್ಕನೇ ಗೇರಿನಲ್ಲಿ. ಅದು ಡೈರೆಕ್ಟ್ ಗೇರು, ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಎಂಜಿನ್ನಿನ ಗೆರೆಯೂ ಶಾಫ್ಟಿನ ಎರಡು ಪಟ್ಟಿನ ಗೆರೆಯೂ ಒಂದರ ಮೇಲೊಂದು ಕೂತಿದ್ದವು.

ನೈಸ್ ರಸ್ತೆಗೆ ಮುಂಜಾನೆ ಟೋಲ್ ಕಟ್ಟಿ, 60 ಕಿ.ಮೀ. ವೇಗ ಬಿಡದೆ ಮೂರು, ನಾಲ್ಕು, ಐದನೇ ಗೇರಿನಲ್ಲಿ ಓಡಿಸಿದೆ. ಐದರಲ್ಲಿ ಎಂಜಿನ್ ಗೆರೆ 48ರ ಸುಮಾರಿಗೆ ಇಳಿಯಿತು, ಮೂರರಲ್ಲಿ 83ಕ್ಕೆ ಹತ್ತಿತು. ಕಳ್ಳ ಗೆರೆ 60 ಹರ್ಟ್ಜ್‌ನಿಂದ ಅಲುಗಲಿಲ್ಲ. ಶಾಫ್ಟಿನ ಸುತ್ತಿಗೆ ಎರಡು ಸಲ ಅಂದರೆ ಬ್ಯಾಲೆನ್ಸ್ ಅಲ್ಲ, ಕ್ರಾಸ್‌ಗಳ (ಶಾಫ್ಟ್ ತುದಿಯ ಮಡಚುವ ಕೀಲುಗಳ) ಕೋನ. ಮೈಕ್ ಎಲ್ಲಿ ಅಂಟಿಸಿದರೆ ಗೆರೆ ಇಷ್ಟು ಚೊಕ್ಕವಾಗಿ ಬರುತ್ತದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದಕ್ಕೆ ಎರಡು ತಿಂಗಳು ತಗುಲಿದೆ.

ಆದರೂ ಆಸೆಗೆ ಮೊದಲು ಎರಡು ಕ್ರಾಸ್ ಬದಲಿಸಿದೆ, ತಲಾ 850, ಮೇಲೆ ಕೂಲಿ. ಜೋಡಿಸುವಾಗ ಶಾಫ್ಟಿನ ಭಾಗಗಳು ಒಂದರೊಳಗೊಂದು ಕೂರುವ ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತು ಗಾಡಿ 40ಕ್ಕೇ ನಡುಗಿತು. ಒಂದೇ ತುಂಡಿನ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ನೇರಕ್ಕೆ ಬರಬೇಕು. ಬಾಣದ ಗುರುತು ಗ್ರೀಸಿನಡಿ ಹೂತಿರುತ್ತದೆ, ಒರೆಸಿ ನೋಡಿ. ಸರಿಮಾಡಿದ ಮೇಲೆ ಹಳೆಯ ಗುಂಯ್ ಜಾಗಕ್ಕೇ ಬಂತು.

ಕೋನ ಅಳೆಯಲು ಗಾಡಿ ತನ್ನ ಚಕ್ರದ ಮೇಲೇ, ಸಮತಟ್ಟಿನಲ್ಲಿ ನಿಂತಿರಬೇಕು. ಆಕ್ಸಲ್ ನೇತಾಡುವಾಗ ಅಳೆದದ್ದು ಕಸ. ಪಿಟ್ ಇದ್ದರೆ ಒಳ್ಳೆಯದು. ಹಿಂದಕ್ಕೆ ಹೋಗುವ ಶಾಫ್ಟಿನ ಮುಂದಿನ ತುಂಡಿನ ಇಳಿಜಾರು 4 ಡಿಗ್ರಿ, ಹಿಂದಿನದರದು 7, ಪಿನಿಯನ್ನಿನದು ಆರೂವರೆ. ಅಂದರೆ ಒಂದು ಕ್ರಾಸ್‌ನಲ್ಲಿ 3, ಇನ್ನೊಂದರಲ್ಲಿ ಅರ್ಧ. ಎರಡೂ ಹೆಚ್ಚುಕಡಿಮೆ ಸಮ ಇದ್ದರೆ ಒಂದರ ಏರುಪೇರನ್ನು ಇನ್ನೊಂದು ನುಂಗುತ್ತದೆ. ಎತ್ತರಕ್ಕೆಂದು ಹಾಕಿಸಿದ್ದ ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಪಟ್ಟಿ) ಸ್ಪ್ರಿಂಗಿನ ಹಿಂಬದಿಯನ್ನು ತಗ್ಗಿಸಿ ಪಿನಿಯನ್ ಮೂಗನ್ನು ಮೇಲೆತ್ತಿತ್ತು. ಎಳೆತಕ್ಕೆ ಸ್ಪ್ರಿಂಗ್ ತಿರುಚಿ ಮೂಗು ಇನ್ನಷ್ಟು ಏಳುತ್ತದೆ, ನ್ಯೂಟ್ರಲ್‌ನಲ್ಲಿ ಇಳಿಯುತ್ತದೆ. ನ್ಯೂಟ್ರಲ್ ಪರೀಕ್ಷೆ ನನಗೆ ಟೋಪಿ ಹಾಕಿದ್ದು ಹೀಗೆ.

ಮೂಗು ಇಳಿಸಲು ಆಕ್ಸಲ್‌ಗೂ ಸ್ಪ್ರಿಂಗಿಗೂ ನಡುವೆ ಇಡುವ ಬೆಣೆ ಬೇಕು: ಪೀಣ್ಯದ ಲೇತಿನಲ್ಲಿ 3 ಡಿಗ್ರಿಯ ಉಕ್ಕಿನದು ಒಂದು ಜೊತೆ, 700. ಅಲ್ಯೂಮಿನಿಯಂ ಬೇಡ, ಬಿರುಕು ಬಿಡುತ್ತದೆ. ಆಕ್ಸಲ್ ಸ್ಪ್ರಿಂಗಿನ ಕೆಳಗಿದ್ದರೆ ದಪ್ಪ ಭಾಗ ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ. ಸೆಂಟರ್ ಬೋಲ್ಟ್ ಉದ್ದದ್ದು ಬೇಕು, ಅದರ ತಲೆ ಪ್ಯಾಡಿನ ತೂತಿನಲ್ಲಿ ಪೂರ್ತಿ ಕೂರಬೇಕು, ಇಲ್ಲವಾದರೆ ಆಕ್ಸಲ್ಲೇ ಜಾರುತ್ತದೆ. ಹೊಸ ಯೂ ಬೋಲ್ಟುಗಳಿಗೆ 1,200, ಕೂಲಿ 500. ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ಮಾಡಿದಾಗ ಕಾಲು ಸುತ್ತು ತೆಗೆದುಕೊಂಡಿತು.

ಪಿನಿಯನ್ ಈಗ ಮೂರೂವರೆ, ಮುಂದಿನ ತುಂಡಿನ 4ಕ್ಕೆ ಅರ್ಧ ಕಮ್ಮಿ. ಎಳೆತಕ್ಕೆ ಏಳುವ ಅರ್ಧ ಡಿಗ್ರಿಗೆ ಬೇಕೆಂದೇ ಬಿಟ್ಟ ಜಾಗ ಅದು. ಐದನೇ ಗೇರಿನಲ್ಲಿ 60ರ ಗೆರೆ ಹುಡುಕಿದರೂ ಕಾಣುವುದಿಲ್ಲ. ಬೆಳಗ್ಗೆ ಮೊದಲ ನೂರು ಮೀಟರ್ ಹಿಂದಿನ ಎಡ ಚಕ್ರದಲ್ಲಿ ‘ಚಿಕ್ ಚಿಕ್’ ಎನ್ನುತ್ತದೆ. ಬ್ರೇಕ್ ಶೂ ಮೇಲೆ ಗುಮಾನಿ, ಡ್ರಮ್ ಇನ್ನೂ ಬಿಚ್ಚಿಲ್ಲ.